ಟ್ಯೂಬಿನಲ್ಲಿ ಊಟ ಹೋಗುತ್ತಿತ್ತು, ಆದರೂ ಕಾಲು ಯಾಕೆ ಕಡ್ಡಿಯಾಯ್ತು?

ಪ್ರಶ್ನೆ: ನಮ್ಮ ತಂದೆಗೆ 63 ವರ್ಷ. ನ್ಯುಮೋನಿಯಾ ಜೋರಾಗಿ, ಸೋಂಕು ಮೈಯೆಲ್ಲ ಹರಡಿ 18 ದಿನ ಐಸಿಯುನಲ್ಲಿದ್ದರು. ಅದರಲ್ಲಿ 11 ದಿನ ವೆಂಟಿಲೇಟರ್ ಮೇಲೆ. ಮೊದಲು 70 ಕೆಜಿ ಇದ್ದರು, ಈಗ 58. ತೊಡೆ ನನ್ನ ತೋಳಿನಷ್ಟಾಗಿದೆ. ಮೊದಲ ಆರು ದಿನ ಮೂಗಿನ ಟ್ಯೂಬಿನಲ್ಲಿ ಗಂಟೆಗೆ ಬರೀ 20 ಎಂಎಲ್ ಬಿಡುತ್ತಿದ್ದರು. ಕೇಳಿದರೆ 'ಸದ್ಯಕ್ಕೆ ಇಷ್ಟು ಸಾಕು' ಅಂದರು. ಹಸಿವಿನಲ್ಲಿಟ್ಟಿದ್ದರಿಂದಲೇ ಹೀಗಾಯಿತಾ? ಮನೆಗೆ ಬಂದು ಹತ್ತು ದಿನ ಆಯಿತು. ದಿನಕ್ಕೆ ನಾಲ್ಕು ಸಲ ಪ್ರೋಟೀನ್ ಪುಡಿ ಕಲಸಿ ಕೊಡುತ್ತಿದ್ದೇನೆ. ಊಟ ಮಾತ್ರ ಎರಡು ತುತ್ತಿಗೆ ಸಾಕು ಅನ್ನುತ್ತಾರೆ. ಹಿಡಿದುಕೊಳ್ಳದೆ ಏಳಲು ಆಗುತ್ತಿಲ್ಲ. ಎಷ್ಟು ಪ್ರೋಟೀನ್ ಕೊಡಬೇಕು? ಆ ಕಾಲು ಮತ್ತೆ ಬರುತ್ತಾ?

ಉತ್ತರ: ನಿಮ್ಮನ್ನು ಕೊರೆಯುತ್ತಿರುವ ಪ್ರಶ್ನೆಗೇ ಮೊದಲು ಬರುತ್ತೇನೆ. ಇಲ್ಲ, ಹಸಿವಿನಲ್ಲಿಟ್ಟಿದ್ದರಿಂದ ನಿಮ್ಮ ತಂದೆಯ ಕಾಲು ಹೀಗಾಗಿಲ್ಲ. ಆ 20 ಎಂಎಲ್ ಅನ್ನು ಮೊದಲ ದಿನದಿಂದಲೇ 60 ಮಾಡಿದ್ದರೂ ಅವರ ತೊಡೆ ಹೆಚ್ಚುಕಮ್ಮಿ ಇಷ್ಟೇ ಇರುತ್ತಿತ್ತು. ನನಗೆ ಚಿಂತೆ ಇರುವುದು ಈಗಿನ ಆ ಎರಡು ತುತ್ತಿನ ಬಗ್ಗೆ. ಐಸಿಯುನ ಮೊದಲ ವಾರದ ಊಟದ ಬಗ್ಗೆ ಮನೆಯವರೆಲ್ಲ ತಲೆ ಕೆಡಿಸಿಕೊಳ್ಳುತ್ತಾರೆ. ಊಟ ನಿಜವಾಗಿ ಮೈಗೆ ಹತ್ತುವ ಮುಂದಿನ ತಿಂಗಳುಗಳಲ್ಲಿ ಲೆಕ್ಕ ಇಡುವವರು ಯಾರೂ ಇರುವುದಿಲ್ಲ.

ಉಪವಾಸ ಬೇರೆ, ಕಾಯಿಲೆ ಬೇರೆ. ಎರಡರಲ್ಲೂ ಮೈ ಇಳಿಯುತ್ತದೆ, ಹೊರಗಿನಿಂದ ಒಂದೇ ಥರ ಕಾಣುತ್ತದೆ. ಒಳಗೆ ನಡೆಯುವುದು ಮಾತ್ರ ತದ್ವಿರುದ್ಧ. ಆರೋಗ್ಯವಾಗಿರುವವರಿಗೆ ಊಟ ಸಿಗದಿದ್ದರೆ ದೇಹ ಜಿಪುಣತನಕ್ಕೆ ಇಳಿಯುತ್ತದೆ. ಖರ್ಚು ತಗ್ಗಿಸುತ್ತದೆ. ಕೆಲವೇ ದಿನಗಳಲ್ಲಿ ಕೊಬ್ಬನ್ನು ಕರಗಿಸಿ, ಅದರಿಂದ ಕೀಟೋನ್ ಮಾಡಿಕೊಂಡು ಮಿದುಳಿಗೂ ಅದನ್ನೇ ಉಣಿಸುತ್ತದೆ. ಮಾಂಸಖಂಡವನ್ನು ಆದಷ್ಟು ಉಳಿಸಿಕೊಳ್ಳುತ್ತದೆ. 1944-45ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ, ತಾವಾಗಿಯೇ ಮುಂದೆ ಬಂದ 36 ಗಂಡಸರಿಗೆ 24 ವಾರ ಅರೆಹೊಟ್ಟೆ ಊಟ ಕೊಟ್ಟರು. ಅವರ ತೂಕ ಸುಮಾರು ಕಾಲುಭಾಗ ಇಳಿಯಿತು. ಅಷ್ಟಾಗಲು ಆರು ತಿಂಗಳು ಹಿಡಿಯಿತು ಅನ್ನುವುದನ್ನು ಗಮನಿಸಿ.

ಈಗ ಇನ್ನೊಂದು ಅಳತೆ ನೋಡಿ. ಬ್ರಿಟನ್ನಿನಲ್ಲಿ 63 ಐಸಿಯು ರೋಗಿಗಳ ತೊಡೆಯ ಮುಂಭಾಗದ ಸ್ನಾಯುವನ್ನು ಅಲ್ಟ್ರಾಸೌಂಡಿನಲ್ಲಿ ಮತ್ತೆ ಮತ್ತೆ ಅಳೆದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಹತ್ತೇ ದಿನದಲ್ಲಿ ಆ ಸ್ನಾಯುವಿನ ಗಾತ್ರ ಸರಾಸರಿ 17.7 ಶೇಕಡಾ ಕಡಿಮೆಯಾಗಿತ್ತು. ಒಂದೇ ಅಂಗ ಕೈಕೊಟ್ಟವರಲ್ಲಿ ಮೊದಲ ವಾರದ ನಷ್ಟ 3 ಶೇಕಡಾ ಆಸುಪಾಸು. ಒಂದಕ್ಕಿಂತ ಹೆಚ್ಚು ಅಂಗಗಳು ಕೈಕೊಟ್ಟವರಲ್ಲಿ 16 ಶೇಕಡಾ ಹತ್ತಿರ. ಅಂದರೆ ಸ್ನಾಯು ಎಷ್ಟು ಕರಗುತ್ತದೆ ಅನ್ನುವುದನ್ನು ಮುಖ್ಯವಾಗಿ ತೀರ್ಮಾನಿಸಿದ್ದು ಕಾಯಿಲೆಯ ಜೋರು. ಅದೇ ಅಧ್ಯಯನದಲ್ಲಿ ಸ್ನಾಯುವಿನ ಚೂರು ತೆಗೆದು ಪರೀಕ್ಷಿಸಿದಾಗ ಇನ್ನೊಂದು ವಿಷಯ ಗೊತ್ತಾಯಿತು. ಹೊಸ ಪ್ರೋಟೀನ್ ಕಟ್ಟುವ ಕೆಲಸ ಮೊದಲ ದಿನ ಉಪವಾಸ ಇದ್ದವರ ಮಟ್ಟಕ್ಕೆ ಕುಸಿದಿತ್ತು. ಆಮೇಲೆ ಅದು ಚೇತರಿಸಿಕೊಂಡರೂ ಒಡೆಯುವ ಕೆಲಸವೇ ಮುಂದಿತ್ತು.

ದೇಹ ಯಾಕೆ ತನ್ನನ್ನೇ ತಿನ್ನುತ್ತದೆ? ಇದನ್ನು ಮೊದಲು ಅಳೆದು ತೋರಿಸಿದವರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿದ್ದ ಡೇವಿಡ್ ಕತ್‌ಬರ್ಟ್‌ಸನ್ ಮುಖ್ಯರು. 1930ರ ಸುಮಾರಿಗೆ ಅವರು ಕಾಲಿನ ಮೂಳೆ ಮುರಿದವರ ಮೂತ್ರ ಪರೀಕ್ಷಿಸುತ್ತಿದ್ದರು. ಮೂಳೆ ಮುರಿದಿದೆ, ಮೂಳೆಯ ಅಂಶಗಳು ಹೋಗುತ್ತಿರಬೇಕು ಅಂತ ಯಾರಾದರೂ ಅಂದುಕೊಳ್ಳುತ್ತಾರೆ, ಅಲ್ವಾ? ಹೋಗುತ್ತಿದ್ದದ್ದು ಸಾರಜನಕ. ಅಂದರೆ ಕರಗಿದ ಮಾಂಸಖಂಡದ ಗುರುತು. ಅದೂ ಪೆಟ್ಟಾದ ಕಾಲಿನಿಂದ ಮಾತ್ರ ಬರಲು ಸಾಧ್ಯವೇ ಇಲ್ಲದಷ್ಟು. ಇಡೀ ಮೈ ಕರಗುತ್ತಿತ್ತು. ತೀವ್ರ ಸೋಂಕಿನಲ್ಲಿ ಕೆಲವರು ದಿನಕ್ಕೆ 20 ಗ್ರಾಂ ಸಾರಜನಕ ಕಳೆದುಕೊಳ್ಳುತ್ತಾರೆ. ಕೇಳಲು ಸಣ್ಣ ಸಂಖ್ಯೆ. ಸುಮಾರು 6.25 ಗ್ರಾಂ ಪ್ರೋಟೀನಿನಲ್ಲಿ ಒಂದು ಗ್ರಾಂ ಸಾರಜನಕ ಇರುತ್ತದೆ, ಹಾಗೆ ಗುಣಿಸಿದರೆ 125 ಗ್ರಾಂ ಪ್ರೋಟೀನ್. ಸ್ನಾಯುವಿನಲ್ಲಿ ಪ್ರೋಟೀನ್ ಐದನೇ ಒಂದು ಭಾಗ ಮಾತ್ರ, ಉಳಿದದ್ದು ಬಹುಪಾಲು ನೀರು. ಹಾಗಾಗಿ ಒಂದೇ ದಿನದಲ್ಲಿ ಅರ್ಧ ಕಿಲೋಗಿಂತ ಜಾಸ್ತಿ ಮಾಂಸ ಹೋದಂತೆ. ವಾಪಸ್ ಎಷ್ಟು ಕಟ್ಟಿಕೊಂಡಿತು ಅನ್ನುವುದು ಬೇರೆ ಲೆಕ್ಕ.

ಸೋಂಕು ಬಿದ್ದಾಗ ದೇಹಕ್ಕೆ ಅವಸರದಲ್ಲಿ ಸಾಮಾನು ಬೇಕು. ರೋಗನಿರೋಧಕ ಕಣಗಳು ಸಾವಿರಪಟ್ಟು ಹೆಚ್ಚಬೇಕು, ಪಿತ್ತಜನಕಾಂಗ ಹೊಸ ಹೊಸ ರಕ್ಷಣಾ ಪ್ರೋಟೀನ್ ತಯಾರಿಸಬೇಕು, ಸಕ್ಕರೆ ಸುರಿಯುತ್ತಲೇ ಇರಬೇಕು. ಇದಕ್ಕೆಲ್ಲ ಬೇಕಾದ ಅಮೈನೋ ಆಮ್ಲಗಳಿಗೆ, ಅಂದರೆ ಪ್ರೋಟೀನ್ ಕಟ್ಟುವ ಇಟ್ಟಿಗೆಗಳಿಗೆ, ದೇಹದಲ್ಲಿ ಬೇರೆ ಉಗ್ರಾಣ ಇಲ್ಲ. ಕೊಬ್ಬಿಗೆ ಉಂಟು, ಪ್ರೋಟೀನಿಗೆ ಇಲ್ಲ. ಇರುವುದು ಸ್ನಾಯು ಒಂದೇ. ಜೊತೆಗೆ ಆ ಹೊತ್ತಿನಲ್ಲಿ ಕಾರ್ಟಿಸಾಲ್, ಅಡ್ರಿನಲಿನ್ ಎಂಬ ಒತ್ತಡದ ಹಾರ್ಮೋನುಗಳು ಏರಿರುತ್ತವೆ. ಇನ್ಸುಲಿನ್ ಇದ್ದರೂ ಅದರ ಮಾತು ನಡೆಯುವುದಿಲ್ಲ. ಬೇಕಾದ್ದಕ್ಕಿಂತ ಜಾಸ್ತಿ ಸ್ನಾಯು ಒಡೆಯುವುದಕ್ಕೆ ಇನ್ನೂ ಒಂದು ವಿವರಣೆ ಇದೆ, ನನಗೆ ಇಷ್ಟವಾದದ್ದು. ರಕ್ಷಣಾ ಪ್ರೋಟೀನುಗಳಿಗೆ ಫಿನೈಲ್ ಅಲನಿನ್, ಟ್ರಿಪ್ಟೊಫಾನ್‌ನಂಥ ಕೆಲವು ಅಮೈನೋ ಆಮ್ಲಗಳು ಹೆಚ್ಚು ಬೇಕು. ಸ್ನಾಯುವಿನಲ್ಲಿ ಅವು ಕಡಿಮೆ ಇವೆ. ಹತ್ತು ಮೊಳೆ ಬೇಕು ಅಂತ ಇಡೀ ಬಾಗಿಲನ್ನೇ ಒಡೆದ ಹಾಗೆ. ಉಳಿದ ಹಲಗೆ ಸುಮ್ನೆ ಉರಿದು ಹೋಗುತ್ತದೆ.

ಹಾಗಾದರೆ ಹೊರಗಿನಿಂದ ಪ್ರೋಟೀನ್, ಸಕ್ಕರೆ ಎಲ್ಲ ಕೊಟ್ಟುಬಿಟ್ಟರೆ ಸ್ನಾಯು ಉಳಿಯಬೇಕಲ್ಲ? ವೈದ್ಯರೂ ಹಲವು ದಶಕ ಹೀಗೇ ಯೋಚಿಸಿದ್ದರು. ಕೊಟ್ಟೂ ನೋಡಿದರು. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಮೊದಲ ದಿನವೇ 'ಫುಲ್ ಫೀಡ್' ಮುಟ್ಟಿಸಿದವರು ಒಳ್ಳೆಯ ವೈದ್ಯರು ಅಂತ ಲೆಕ್ಕ. ಕಷ್ಟ ಏನೆಂದರೆ, ಆರೋಗ್ಯವಾಗಿರುವವರು ಊಟ ಮಾಡಿದ ಕೂಡಲೇ ಪಿತ್ತಜನಕಾಂಗ ತನ್ನ ಸಕ್ಕರೆ ತಯಾರಿ ನಿಲ್ಲಿಸುತ್ತದೆ. ತೀವ್ರ ಕಾಯಿಲೆಯ ಮೊದಲ ದಿನಗಳಲ್ಲಿ ಅದು ಸರಿಯಾಗಿ ನಿಲ್ಲುವುದಿಲ್ಲ. ಒಳಗಿನದೂ ಹೊರಗಿನದೂ ಸೇರಿ ಎರಡೆರಡು ಊಟ ಬಿದ್ದಂತಾಗುತ್ತದೆ. ರಕ್ತದ ಸಕ್ಕರೆ ಏರುತ್ತದೆ, ಹೊಟ್ಟೆ ಉಬ್ಬರಿಸುತ್ತದೆ, ವಾಂತಿಯಾಗುತ್ತದೆ. ರಕ್ತದೊತ್ತಡ ಬಿದ್ದು ಕರುಳಿಗೆ ರಕ್ತವೇ ಸರಿಯಾಗಿ ಹೋಗದಿದ್ದಾಗ ಅದರ ಮೇಲೆ ಪೂರ್ತಿ ಊಟದ ಭಾರ ಹೇರಿದರೆ ಕರುಳಿಗೇ ಪೆಟ್ಟಾಗಬಹುದು. ಹಾಳಾದ ಭಾಗಗಳನ್ನು ಜೀವಕೋಶ ತಾನೇ ಗುಡಿಸಿ ಹಾಕುವ ಒಂದು ವ್ಯವಸ್ಥೆಯೂ ಇದೆ. ತುಂಬಾ ಊಟ ಬಂದರೆ ಆ ಗುಡಿಸುವ ಕೆಲಸ ನಿಧಾನವಾಗುತ್ತದೆ.

ನಿಮ್ಮ ತಂದೆಯ 20 ಎಂಎಲ್ ಕತೆಗೆ ತೀರಾ ಹತ್ತಿರದ ಪರೀಕ್ಷೆಯೂ ನಡೆದಿದೆ. ಅಮೆರಿಕದಲ್ಲಿ ಶ್ವಾಸಕೋಶ ಕೈಕೊಟ್ಟು ವೆಂಟಿಲೇಟರ್ ಮೇಲಿದ್ದ 1000 ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮೊದಲ ಆರು ದಿನ ದಿನಕ್ಕೆ ಸುಮಾರು 400 ಕ್ಯಾಲೊರಿ, ಇನ್ನೊಂದಕ್ಕೆ ಸುಮಾರು 1300. ಎಡೆನ್ ಎಂಬ ಹೆಸರಿನ ಆ ಪ್ರಯೋಗದ ಫಲ 2012ರಲ್ಲಿ ಬಂತು. ಬದುಕುಳಿದವರ ಸಂಖ್ಯೆಯಲ್ಲಿ, ವೆಂಟಿಲೇಟರ್‌ನಿಂದ ಹೊರಬಂದ ದಿನಗಳಲ್ಲಿ ವ್ಯತ್ಯಾಸ ಇರಲಿಲ್ಲ. ಕಡಿಮೆ ಕೊಟ್ಟವರಿಗೆ ಹೊಟ್ಟೆಯ ತೊಂದರೆ ಕಡಿಮೆ ಇತ್ತು. ಎರಡೂ ಗುಂಪಿನ ಹಲವರನ್ನು ಒಂದು ವರ್ಷದ ಮೇಲೆ ಹುಡುಕಿ, ನಡೆಸಿ, ಸ್ನಾಯುವಿನ ಶಕ್ತಿ ಅಳೆದು ನೋಡಿದರು. ಆಗಲೂ ವ್ಯತ್ಯಾಸ ಕಾಣಲಿಲ್ಲ. 2023ರಲ್ಲಿ ಫ್ರಾನ್ಸಿನ 3000ಕ್ಕೂ ಹೆಚ್ಚು ರೋಗಿಗಳ ಮೇಲೆ ಇನ್ನೊಂದು ಪ್ರಯೋಗ ಮುಗಿಯಿತು. ಮೊದಲ ವಾರ ಒಂದು ಗುಂಪಿಗೆ ತೂಕದ ಕಿಲೋಗೆ ದಿನಕ್ಕೆ 6 ಕ್ಯಾಲೊರಿ, ಇನ್ನೊಂದಕ್ಕೆ 25. ಸಾವಿನ ಪ್ರಮಾಣ ಎರಡರಲ್ಲೂ ಒಂದೇ. ಕಡಿಮೆ ಕೊಟ್ಟವರು ಸ್ವಲ್ಪ ಬೇಗ ಐಸಿಯುನಿಂದ ಹೊರಬರುವಂತಾದರು. ನಿಮ್ಮ ತಂದೆಗೆ ಗಂಟೆಗೆ 20 ಎಂಎಲ್ ಅಂದರೆ ದಿನಕ್ಕೆ 480 ಎಂಎಲ್. ಸಾಮಾನ್ಯವಾಗಿ ಬಳಸುವ ದ್ರಾವಣದಲ್ಲಿ ಎಂಎಲ್‌ಗೆ ಒಂದು ಕ್ಯಾಲೊರಿ. 70 ಕಿಲೋ ಮನುಷ್ಯನಿಗೆ ಕಿಲೋಗೆ 7 ಕ್ಯಾಲೊರಿ ಆಯಿತು. ಆ ವೈದ್ಯರು ಲೆಕ್ಕ ಇಲ್ಲದೆ ಬಿಟ್ಟದ್ದಲ್ಲ. ಆದರೆ ಅದನ್ನು ನಿಮಗೆ ಐದು ನಿಮಿಷ ಕೂರಿಸಿ ಹೇಳಬೇಕಿತ್ತು. 'ಸಾಕು' ಅಂದಷ್ಟಕ್ಕೆ ಯಾರಿಗೆ ಸಮಾಧಾನ ಆಗುತ್ತದೆ?

ಆ 20 ಎಂಎಲ್ ಹೊಟ್ಟೆ ತುಂಬಿಸಲು ಅಲ್ಲ, ಕರುಳನ್ನು ಎಚ್ಚರವಾಗಿಡಲು. ಒಳಪದರದ ಜೀವಕೋಶಗಳಿಗೆ ಊಟ ಒಳಗಿನಿಂದಲೇ ಸಿಗಬೇಕು. ಪೂರ್ತಿ ಖಾಲಿ ಬಿಟ್ಟರೆ ಆ ಪದರ ತೆಳುವಾಗುತ್ತದೆ.

ನಾನು ಹೇಳಿದ್ದನ್ನು 'ಐಸಿಯುನಲ್ಲಿ ಊಟ ಬೇಡ' ಅಂತ ಯಾರೂ ಓದಿಕೊಳ್ಳಬಾರದು. ಈ ರಿಯಾಯಿತಿ ಮೊದಲ ಕೆಲವು ದಿನಗಳಿಗೆ ಮಾತ್ರ. ಕಾಯಿಲೆ ಹತೋಟಿಗೆ ಬರುತ್ತಿದ್ದಂತೆ ಊಟ ಮೆಟ್ಟಿಲು ಮೆಟ್ಟಿಲಾಗಿ ಏರಬೇಕು. ಸಾಮಾನ್ಯವಾಗಿ ಗುರಿ ಕಿಲೋಗೆ ದಿನಕ್ಕೆ 20ರಿಂದ 25 ಕ್ಯಾಲೊರಿ, 1.2ರಿಂದ 1.3 ಗ್ರಾಂ ಪ್ರೋಟೀನ್. ನನ್ನ ತಕರಾರು ಇರುವುದು ಇಲ್ಲಿಯೇ. ಏರಿಸಬೇಕಾದ ಹೊತ್ತಿಗೆ ಏರಿಸುವುದಿಲ್ಲ. ಕಾಗದದಲ್ಲಿ 1500 ಎಂಎಲ್ ಬರೆದಿರುತ್ತದೆ. ಸ್ಕ್ಯಾನ್‌ಗೆ ಕರೆದೊಯ್ಯುವಾಗ ನಿಲ್ಲಿಸುತ್ತಾರೆ, ಟ್ಯೂಬ್ ಜಾರಿದರೆ ನಿಲ್ಲಿಸುತ್ತಾರೆ, ನಾಳೆ ಆಪರೇಷನ್ ಇರಬಹುದು ಅಂತ ರಾತ್ರಿಯಿಂದಲೇ ನಿಲ್ಲಿಸುತ್ತಾರೆ. ಆಪರೇಷನ್ ಮುಂದೆ ಹೋಗುತ್ತದೆ, ಊಟ ಮರೆತುಹೋಗುತ್ತದೆ. ಸಂಜೆ ನೋಡಿದರೆ ಅರ್ಧವೂ ಹೋಗಿರುವುದಿಲ್ಲ. ನಾನೇ ಇಂಥ ಚಾರ್ಟುಗಳಿಗೆ ಕಣ್ಣುಮುಚ್ಚಿ ಸಹಿ ಹಾಕಿದ ದಿನಗಳಿವೆ. ಈಗ ಐಸಿಯು ಹೊರಗೆ ಕಾಯುತ್ತಾ ಇದನ್ನು ಓದುತ್ತಿರುವವರು ಯಾರಾದರೂ ಇದ್ದರೆ, 'ಎಷ್ಟು ಕೊಡುತ್ತಿದ್ದೀರಿ' ಅಂತ ಕೇಳಬೇಡಿ. ಬರೆದುಕೊಟ್ಟದ್ದೇ ಉತ್ತರವಾಗಿ ಬರುತ್ತದೆ. 'ನಿನ್ನೆ ಬರೆದದ್ದರಲ್ಲಿ ಎಷ್ಟು ಒಳಗೆ ಹೋಯ್ತು' ಅಂತ ಕೇಳಿ.

ಪ್ರೋಟೀನ್ ಜಾಸ್ತಿ ಕೊಟ್ಟರೆ ಸ್ನಾಯು ಜಾಸ್ತಿ ಉಳಿಯುತ್ತದೆ ಅನ್ನುವುದೂ ನೋಡಿದ ತಕ್ಷಣ ಸರಿ ಅನ್ನಿಸುವ ಮಾತು. ಇದನ್ನೂ ಪರೀಕ್ಷಿಸಿದ್ದಾರೆ. 2023ರಲ್ಲಿ ಪ್ರಕಟವಾದ, 16 ದೇಶಗಳ ಸುಮಾರು 1300 ರೋಗಿಗಳ ಪ್ರಯೋಗದಲ್ಲಿ ಒಂದು ಗುಂಪಿಗೆ ಕಿಲೋಗೆ ದಿನಕ್ಕೆ 2.2 ಗ್ರಾಂ ಅಥವಾ ಹೆಚ್ಚು, ಇನ್ನೊಂದಕ್ಕೆ 1.2 ಗ್ರಾಂ ಅಥವಾ ಕಡಿಮೆ ಪ್ರೋಟೀನ್ ಗುರಿ ಇಟ್ಟಿದ್ದರು. ಹೆಚ್ಚು ಕೊಟ್ಟವರು ಬೇಗ ಮನೆಗೆ ಹೋಗಲಿಲ್ಲ. ಕಿಡ್ನಿಗೆ ಪೆಟ್ಟಾಗಿದ್ದವರಿಗೆ ಅದು ಕೆಟ್ಟದ್ದೇ ಮಾಡಿರಬಹುದು ಅನ್ನುವ ಸುಳಿವೂ ಇತ್ತು. 2024ರಲ್ಲಿ ನೆದರ್ಲೆಂಡ್ಸ್ ಮತ್ತು ಬೆಲ್ಜಿಯಂನ ಪ್ರಯೋಗದಲ್ಲಿ 2 ಗ್ರಾಂ ಪಡೆದವರ ಮುಂದಿನ ತಿಂಗಳುಗಳ ಬದುಕಿನ ಗುಣಮಟ್ಟ, 1.3 ಗ್ರಾಂ ಪಡೆದವರಿಗಿಂತ ಸ್ವಲ್ಪ ಕೆಳಗೇ ಇತ್ತು. ಗ್ಲುಟಮಿನ್ ಅನ್ನುವ ಒಂದು ಅಮೈನೋ ಆಮ್ಲವನ್ನು ಬೇರೆಯಾಗಿ, ಜಾಸ್ತಿ ಪ್ರಮಾಣದಲ್ಲಿ ಕೊಟ್ಟ 2013ರ ಪ್ರಯೋಗದಲ್ಲಂತೂ ಸಾವು ಹೆಚ್ಚಾಯಿತು. ಒಡೆಯುವ ಆಜ್ಞೆ ಹೊರಟಿರುವಾಗ ಸಾಮಾನು ತಂದು ಸುರಿದರೆ ಮನೆ ಏಳುವುದಿಲ್ಲ. ಆ ಸಾಮಾನನ್ನೂ ಯೂರಿಯಾ ಮಾಡಿ ಹೊರಹಾಕುವ ಕೆಲಸ ಕಿಡ್ನಿಗೆ ಬೀಳುತ್ತದೆ.

ನಡುವೆ ಒಂದು ಮಾತು. ರಕ್ತದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಕಡಿಮೆ ಇದೆ, ಅದಕ್ಕೇ ಸ್ನಾಯು ಹೋಯ್ತು, ಆಲ್ಬುಮಿನ್ ಬಾಟಲಿ ಏರಿಸಿದರೆ ಸರಿಹೋಗುತ್ತದೆ ಅಂತ ಬಹಳ ಜನ ನಂಬುತ್ತಾರೆ. ತೀವ್ರ ಕಾಯಿಲೆಯಲ್ಲಿ ಆಲ್ಬುಮಿನ್ ಇಳಿಯುವುದು ಉರಿಯೂತದಿಂದ. ರಕ್ತನಾಳಗಳಿಂದ ಅದು ಸೋರುತ್ತದೆ, ಪಿತ್ತಜನಕಾಂಗ ಅದನ್ನು ಬದಿಗಿಟ್ಟು ಬೇರೆ ಪ್ರೋಟೀನ್ ಮಾಡುವುದರಲ್ಲಿ ಮುಳುಗಿರುತ್ತದೆ. ಊಟ ಹತ್ತಿತೋ ಇಲ್ಲವೋ ಅನ್ನುವುದನ್ನು ಅದು ಹೇಳುವುದಿಲ್ಲ. ಬಾಟಲಿಗೆ ಬೇರೆ ಕಾರಣಗಳಿರಬಹುದು. ಕಾಲು ದಪ್ಪ ಮಾಡುವುದು ಅದರಿಂದ ಆಗದ ಕೆಲಸ.

ನನ್ನ ಪ್ರಕಾರ ಊಟದ ಕೊರತೆಗಿಂತ ಜಾಸ್ತಿ ಕಾಲನ್ನು ತಿಂದದ್ದು, ಕಾಯಿಲೆಯ ಜೊತೆಗೆ, ಅವರು ಮಲಗಿದ್ದು. ಕಾಯಿಲೆಯೇ ಇಲ್ಲದ, ಸರಾಸರಿ 67 ವರ್ಷದ 12 ಜನರನ್ನು ಹತ್ತು ದಿನ ಹಾಸಿಗೆಯಲ್ಲೇ ಇರಿಸಿದ ಒಂದು ಅಧ್ಯಯನ 2007ರಲ್ಲಿ ಬಂತು. ಹತ್ತೇ ದಿನದಲ್ಲಿ ಅವರ ಕಾಲುಗಳಿಂದ ಸುಮಾರು ಒಂದು ಕಿಲೋ ಮಾಂಸ ಹೋಗಿತ್ತು. ಊಟ ಚೆನ್ನಾಗಿಯೇ ಇತ್ತು. ಐಸಿಯುನಲ್ಲಿ ನಿದ್ದೆಯ ಔಷಧಿ ಕೊಟ್ಟು ಮಲಗಿಸಿದಾಗ ಕಾಲು ತಾನಾಗಿ ಮಗ್ಗುಲು ಕೂಡ ಬದಲಿಸುವುದಿಲ್ಲ. ವೆಂಟಿಲೇಟರ್ ಉಸಿರಾಡಿಸುವಾಗ ಎದೆಗೂ ಹೊಟ್ಟೆಗೂ ನಡುವಿನ ವಪೆ ಎಂಬ ಉಸಿರಿನ ಸ್ನಾಯುವಿಗೂ ರಜೆ. 2008ರಲ್ಲಿ, ಮಿದುಳು ಸತ್ತು ಅಂಗದಾನ ಮಾಡಿದವರ ವಪೆಯನ್ನು ಪರೀಕ್ಷಿಸಿದಾಗ, 18ರಿಂದ 69 ಗಂಟೆ ಪೂರ್ತಿ ಯಂತ್ರದ ಮೇಲಿದ್ದವರಲ್ಲಿ ಅದರ ಎಳೆಗಳು ಅರ್ಧಕ್ಕಿಂತ ತೆಳ್ಳಗಾಗಿದ್ದವು. ಮೂರು ದಿನವೂ ಆಗಿರಲಿಲ್ಲ.

ಹಾಗಂತ ಎಚ್ಚರವಾದ ತಕ್ಷಣ ಎಬ್ಬಿಸಿ ಓಡಾಡಿಸಿದರೆ ಆಯ್ತು ಅನ್ನಲೂ ಬರುವುದಿಲ್ಲ. 2009ರಲ್ಲಿ 104 ರೋಗಿಗಳ ಪ್ರಯೋಗದಲ್ಲಿ, ನಿದ್ದೆಯ ಔಷಧಿಯನ್ನು ದಿನಾ ಸ್ವಲ್ಪ ಹೊತ್ತು ನಿಲ್ಲಿಸಿ ಬೇಗನೆ ವ್ಯಾಯಾಮ ಶುರುಮಾಡಿದವರಲ್ಲಿ 59 ಶೇಕಡಾ ಜನ ಆಸ್ಪತ್ರೆ ಬಿಡುವಾಗ ತಮ್ಮ ಕೆಲಸ ತಾವೇ ಮಾಡಿಕೊಳ್ಳುತ್ತಿದ್ದರು. ಮಾಮೂಲಿ ಆರೈಕೆಯವರಲ್ಲಿ 35 ಶೇಕಡಾ. ಎಲ್ಲರಿಗೂ ಖುಷಿಯಾಯಿತು. ಆದರೆ 2022ರಲ್ಲಿ 750 ರೋಗಿಗಳ ದೊಡ್ಡ ಪ್ರಯೋಗದಲ್ಲಿ, ಮಾಮೂಲಿಗಿಂತ ಹೆಚ್ಚು ಜೋರಾಗಿ ಎಬ್ಬಿಸಿದ್ದರಿಂದ ಹೆಚ್ಚಿನ ಲಾಭ ಕಾಣಲಿಲ್ಲ. ಹೃದಯದ ಬಡಿತ ತಪ್ಪುವುದು, ರಕ್ತದೊತ್ತಡ ಏರುಪೇರಾಗುವುದು ಜಾಸ್ತಿಯಾಯಿತು. ನಾನು ಇದರಿಂದ ತಿಳಿದುಕೊಂಡದ್ದು ಇಷ್ಟು: ಕಡಿಮೆ ನಿದ್ದೆ ಔಷಧಿ, ದಿನಾ ಸ್ವಲ್ಪ ಚಲನೆ, ದೇಹ ತಾಳುವಷ್ಟು. ಅದಕ್ಕಿಂತ ಅವಸರ ಬೇಡ.

ಈಗ ನಿಮ್ಮ ಮನೆಗೆ ಬರೋಣ. 12 ಕಿಲೋ ಇಳಿದಿದ್ದಾರೆ ಅಂದಿರಿ. ಅದೆಲ್ಲ ಸ್ನಾಯು ಅಲ್ಲ, ಕೊಬ್ಬೂ ಇದೆ. ಐಸಿಯುನಲ್ಲಿ ಮೈ ನೀರು ತುಂಬಿ ಊದಿಕೊಂಡಿರುತ್ತದೆ. ಆಗ ಕರಗುತ್ತಿರುವ ಕಾಲೂ ತುಂಬಿದಂತೆ ಕಾಣುತ್ತದೆ. ಊತ ಇಳಿದ ಮೇಲೆಯೇ ನಿಜವಾದ ಕಾಲು ಕಾಣುವುದು. ಮನೆಗೆ ಬಂದ ಮೇಲೆ ಒಂದೇ ವಾರದಲ್ಲಿ ಮತ್ತೂ ಇಳಿದರು ಅಂತ ಗಾಬರಿಯಾಗುವವರು ಬಹಳ. ಎಷ್ಟೋ ಸಲ ಅದು ನೀರು ಇಳಿದದ್ದು.

ಪ್ರೋಟೀನ್ ಎಷ್ಟು? ಕಾಯಿಲೆಯಿಂದ ಏಳುತ್ತಿರುವ ಈ ವಯಸ್ಸಿನವರಿಗೆ ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ. 58 ಕಿಲೋಗೆ 70ರಿಂದ 87 ಗ್ರಾಂ ಆಗುತ್ತದೆ. ಮೊದಲೇ ಕಿಡ್ನಿ ಕಾಯಿಲೆ ಇದ್ದರೆ, ಅಥವಾ ಐಸಿಯುನಲ್ಲಿ ಕಿಡ್ನಿಗೆ ಪೆಟ್ಟಾಗಿ ಇನ್ನೂ ಪೂರ್ತಿ ಸರಿಯಾಗಿಲ್ಲದಿದ್ದರೆ ಈ ಸಂಖ್ಯೆ ಬೇರೆ. ನಿಮ್ಮ ವೈದ್ಯರನ್ನು ಕೇಳದೆ ನನ್ನ ಲೆಕ್ಕ ಹಿಡಿಯಬೇಡಿ. ಪ್ರೋಟೀನಿಗಿಂತ ನೀವು ಮರೆತಿರುವುದು ಕ್ಯಾಲೊರಿ. ಕಿಲೋಗೆ 30ರಂತೆ ಸುಮಾರು 1750 ಕ್ಯಾಲೊರಿ ಬೇಕು. ಉರಿಸಲು ಬೇರೇನೂ ಇಲ್ಲದಿದ್ದರೆ ದೇಹ ನೀವು ಕೊಟ್ಟ ಪ್ರೋಟೀನನ್ನೇ ಉರಿಸಿಬಿಡುತ್ತದೆ. ಕಟ್ಟಲು ತಂದ ಮರವನ್ನು ಒಲೆಗೆ ಹಾಕಿದ ಹಾಗೆ.

ನಾಲ್ಕು ಸಲದ ಪುಡಿಯೇ ಆ ಎರಡು ತುತ್ತಿಗೆ ಕಾರಣ ಇರಬಹುದು, ಗೊತ್ತಾ? ಹೊಟ್ಟೆ ತುಂಬಿದ ಭಾವನೆ ಬರಿಸುವುದರಲ್ಲಿ ಪ್ರೋಟೀನಿನದೇ ಮೇಲುಗೈ. ಊಟಕ್ಕೆ ಮುಂಚೆ ಒಂದು ದೊಡ್ಡ ಲೋಟ ಕುಡಿಸಿದರೆ ಊಟ ಮುಗಿದ ಹಾಗೇ. ಪುಡಿಯನ್ನು ಎರಡು ಸಲಕ್ಕೆ ಇಳಿಸಿ. ಊಟ ಆದ ಮೇಲೆ ಅಥವಾ ಎರಡು ಊಟದ ಮಧ್ಯೆ ಕೊಡಿ. ಒಂದು ಮಲಗುವ ಮುಂಚೆ ಇರಲಿ. ಡಬ್ಬಿಯ ಹಿಂದೆ ಒಂದು ಅಳತೆಗೆ ಎಷ್ಟು ಗ್ರಾಂ ಪ್ರೋಟೀನ್ ಅಂತ ಓದಿ. ಕೆಲವದರಲ್ಲಿ ಮುಂದೆ ದೊಡ್ಡಕ್ಷರದಲ್ಲಿ ಪ್ರೋಟೀನ್ ಅಂತ ಇರುತ್ತದೆ, ಹಿಂದೆ ನೋಡಿದರೆ ಬಹುಪಾಲು ಸಕ್ಕರೆ. ಊಟವನ್ನು ಮೂರು ಹೊತ್ತಿನ ಬದಲು ಆರು ಸಣ್ಣ ಹೊತ್ತು ಮಾಡಿ. ತಟ್ಟೆ ಸಣ್ಣದಿರಲಿ. ತುತ್ತು ಹೆಚ್ಚಿಸಲು ಹೋರಾಡುವ ಬದಲು ತಿನ್ನುವ ಅದೇ ತುತ್ತಿಗೆ ಎಣ್ಣೆಯೋ ಬೆಣ್ಣೆಯೋ ಸೇರಿಸಿ ಕ್ಯಾಲೊರಿ ಏರಿಸಿ. ವಯಸ್ಸಾದ, ಕಾಯಿಲೆಯಿಂದ ಎದ್ದ ಸ್ನಾಯುವಿಗೆ ಕಿವಿ ಸ್ವಲ್ಪ ಮಂದ. ಐದೈದು ಗ್ರಾಂ ಪ್ರೋಟೀನ್ ಕೊಟ್ಟರೆ ಅದಕ್ಕೆ ಕೇಳುವುದೇ ಇಲ್ಲ. ದಿನದಲ್ಲಿ ಮೂರು ಸಲವಾದರೂ ಒಂದೇ ಹೊತ್ತಿಗೆ 20ರಿಂದ 25 ಗ್ರಾಂ ಬೀಳುವಂತೆ ನೋಡಿಕೊಳ್ಳಿ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ಒಂದು ಲೋಟ ಹಾಲಿನಲ್ಲಿ 6ರಿಂದ 8 ಗ್ರಾಂ ಅಂತ ಅಂದಾಜು ಇಟ್ಟುಕೊಂಡರೆ ಲೆಕ್ಕ ಸುಲಭ.

ಹಸಿವಿಲ್ಲ ಅನ್ನುವುದನ್ನು ಹಟ ಅಂದುಕೊಳ್ಳಬೇಡಿ. ಬಾಯಿ ನೋಡಿ. ನಾಲಿಗೆಯ ಮೇಲೆ ಬಿಳಿ ಪದರ ಇದ್ದರೆ ಶಿಲೀಂಧ್ರದ ಸೋಂಕು ಇರಬಹುದು, ಔಷಧಿಯಿಂದ ಬೇಗ ಹೋಗುತ್ತದೆ. ಹಲ್ಲಿನ ಸೆಟ್ ಹಾಕುತ್ತಾರಾ? ತೂಕ ಇಳಿದರೆ ಸೆಟ್ ಸಡಿಲವಾಗಿ ಅಗಿಯಲು ನೋವಾಗುತ್ತದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮಲಬದ್ಧತೆ ಇದ್ದರೂ ಊಟ ಸೇರುವುದಿಲ್ಲ. ಮನಸ್ಸು ಕುಗ್ಗಿದ್ದರೂ ಅಷ್ಟೇ, ಐಸಿಯುನಿಂದ ಬಂದವರಲ್ಲಿ ಅದು ಸಾಮಾನ್ಯ. ಇವೆಲ್ಲಕ್ಕಿಂತ ಮುಖ್ಯವಾಗಿ ನುಂಗುವುದನ್ನು ಗಮನಿಸಿ. 11 ದಿನ ಗಂಟಲಲ್ಲಿ ಟ್ಯೂಬ್ ಇತ್ತಲ್ಲ. ನೀರು ಕುಡಿದಾಗ ಕೆಮ್ಮು, ಊಟದ ನಂತರ ನೀರು ತುಂಬಿದಂತೆ ಗೊರಗೊರ ದನಿ, ಮತ್ತೆ ಮತ್ತೆ ಜ್ವರ ಇದ್ದರೆ ಊಟ ಶ್ವಾಸಕೋಶಕ್ಕೆ ಇಳಿಯುತ್ತಿರಬಹುದು. ಆಗ ಒತ್ತಾಯ ಮಾಡಿ ಉಣಿಸುವುದು ಅಪಾಯ. ಮೊದಲು ನುಂಗುವ ಪರೀಕ್ಷೆ ಮಾಡಿಸಿ.

ಇನ್ನೊಂದು ಎಚ್ಚರಿಕೆ. ಅವರು 70ರಲ್ಲಿ 12 ಕಿಲೋ, ಅಂದರೆ 17 ಶೇಕಡಾ ಕಳೆದುಕೊಂಡಿದ್ದಾರೆ. ಈಗಲೂ ತೀರಾ ಕಡಿಮೆ ತಿನ್ನುತ್ತಿದ್ದಾರೆ. ಇಂಥವರಿಗೆ ಒಮ್ಮೆಲೇ ಜಾಸ್ತಿ ಊಟ, ಅದರಲ್ಲೂ ಸಿಹಿ, ಬಿದ್ದರೆ ರಕ್ತದ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ದಿಢೀರ್ ಕುಸಿಯಬಹುದು. ಜೀವಕೋಶಗಳು ಊಟದ ಜೊತೆ ಇವನ್ನೂ ಒಳಗೆಳೆದುಕೊಳ್ಳುತ್ತವೆ. ಹಾಗಾಗಿ ಇವತ್ತೇ 1750 ಕ್ಯಾಲೊರಿ ಮುಟ್ಟಿಸಲು ಹೋಗಬೇಡಿ. ಒಂದೆರಡು ವಾರದಲ್ಲಿ ಏರಿಸಿ. ಶುರುಮಾಡುವ ಮುಂಚೆ ಈ ಮೂರನ್ನು ಒಂದು ಸಲ ರಕ್ತಪರೀಕ್ಷೆ ಮಾಡಿಸಿ, ಬಿ1 ವಿಟಮಿನ್ ಕೊಡಬೇಕಾ ಅಂತ ವೈದ್ಯರನ್ನು ಕೇಳಿ. ಊಟ ಹೆಚ್ಚಿಸಿದ ಮೊದಲ ದಿನಗಳಲ್ಲಿ ಪಾದ ಊದಿದರೆ, ಏದುಸಿರು ಬಂದರೆ, ಎದೆ ಹೊಡೆದುಕೊಂಡರೆ, ಮಾತು ಗೊಂದಲವಾದರೆ ಕಾಯಬೇಡಿ, ತೋರಿಸಿ.

ಈ ಊಟ ಕಾಲಿಗೆ ಹೋಗಬೇಕಾದರೆ ಕಾಲಿಗೆ ಕೆಲಸ ಬೇಕು. ಇಲ್ಲದಿದ್ದರೆ ಹೊಟ್ಟೆಯ ಸುತ್ತ ಕೊಬ್ಬಾಗಿ ಕೂರುತ್ತದೆ. ಮಿನೆಸೋಟದ ಆ ಗಂಡಸರಲ್ಲೂ ಮೊದಲು ಮರಳಿದ್ದು ಕೊಬ್ಬು, ಸ್ನಾಯು ಹಿಂದೆ ಉಳಿಯಿತು. ಸುಲಭವಾದದ್ದು ಕುರ್ಚಿಯಿಂದ ಏಳುವುದು. ಗಟ್ಟಿಯಾದ, ಕೈ ಇರುವ ಕುರ್ಚಿ, ಗೋಡೆಗೆ ಒರಗಿಸಿ ಇಡಿ. ಕೂರುವ ಜಾಗಕ್ಕೆ ದಿಂಬು ಹಾಕಿ ಎತ್ತರ ಮಾಡಿದರೆ ಏಳುವುದು ಸಲೀಸು. ಕೈ ಊರಿ ಎದ್ದು, ನಿಧಾನ ಕೂರಲಿ. ಮೂರು ಸಲ, ದಿನಕ್ಕೆ ನಾಲ್ಕು ಹೊತ್ತು. ನಿಧಾನ ಕೂರುವಾಗಲೂ ಕಾಲಿಗೆ ಕೆಲಸ ಬೀಳುತ್ತದೆ, ಧೊಪ್ಪನೆ ಕೂರಲು ಬಿಡಬೇಡಿ. ವಾರಕ್ಕೊಂದು ಸಲ ದಿಂಬು ಸ್ವಲ್ಪ ತೆಳುಮಾಡಿ. ವ್ಯಾಯಾಮದ ಹೊತ್ತಿನ ಆಸುಪಾಸಿನಲ್ಲೇ ಪ್ರೋಟೀನಿನ ಒಂದು ಹೊತ್ತು ಬರಲಿ. ಮಾಡಿದ ಮಾರನೇ ದಿನ ಏಳಲಾಗದಷ್ಟು ಸುಸ್ತಾದರೆ ಹಿಂದಿನ ದಿನ ಜಾಸ್ತಿಯಾಯ್ತು ಅಂತ ಅರ್ಥ. ಫಿಸಿಯೋಥೆರಪಿಯವರು ಒಮ್ಮೆ ಬಂದು ನೋಡಿದರೆ ಒಳ್ಳೆಯದು. ಪಾದ ಮೇಲೆತ್ತಲು ಆಗದೆ ಬೆರಳು ನೆಲಕ್ಕೆ ಎಳೆಯುತ್ತಿದೆಯಾ ಅಂತ ಅವರಿಂದ ಪರೀಕ್ಷೆ ಮಾಡಿಸಿ. ತೀವ್ರ ಸೋಂಕು ಸ್ನಾಯುವನ್ನಷ್ಟೇ ಅಲ್ಲ, ಕೆಲವರಲ್ಲಿ ನರಗಳನ್ನೂ ಹಿಡಿಯುತ್ತದೆ. ನರಕ್ಕೆ ಪೆಟ್ಟಾಗಿದ್ದರೆ ಚೇತರಿಕೆ ಇನ್ನೂ ನಿಧಾನ.

ಮತ್ತೆ ಬರುತ್ತಾ? ಬಹುಪಾಲು ಬರುತ್ತದೆ, ವಾರಗಳಲ್ಲಿ ಅಲ್ಲ. ಕೆನಡಾದ ಟೊರಾಂಟೊದಲ್ಲಿ ಶ್ವಾಸಕೋಶ ಕೈಕೊಟ್ಟು ಬದುಕಿ ಬಂದ 109 ಜನರನ್ನು ಒಂದು ವರ್ಷ ಹಿಂಬಾಲಿಸಿದ ಅಧ್ಯಯನ 2003ರಲ್ಲಿ ಬಂತು. ಐಸಿಯು ಬಿಡುವಾಗ ಅವರು ಸರಾಸರಿ 18 ಶೇಕಡಾ ತೂಕ ಕಳೆದುಕೊಂಡಿದ್ದರು, ನಿಮ್ಮ ತಂದೆಯಷ್ಟೇ. ವರ್ಷದ ಹೊತ್ತಿಗೆ ಹೆಚ್ಚಿನವರಿಗೆ ತೂಕ ಮರಳಿತ್ತು. ಶ್ವಾಸಕೋಶವೂ ಹೆಚ್ಚುಕಮ್ಮಿ ಸರಿಯಾಗಿತ್ತು. ಆದರೆ ಆರು ನಿಮಿಷದಲ್ಲಿ ನಡೆದ ದೂರ 422 ಮೀಟರ್, ಆ ವಯಸ್ಸಿನವರು ನಡೆಯಬೇಕಾದ್ದರಲ್ಲಿ ಮೂರನೇ ಎರಡು ಭಾಗ. ತೂಕ ಬಂದಿತ್ತು, ಶಕ್ತಿ ಅದರ ಹಿಂದೆ ನಿಧಾನ ಬರುತ್ತಿತ್ತು. ಅವರ ಸರಾಸರಿ ವಯಸ್ಸು ನಿಮ್ಮ ತಂದೆಗಿಂತ ಕಡಿಮೆ ಇತ್ತು ಅನ್ನುವುದನ್ನೂ ಹೇಳಬೇಕು.

ಅದಕ್ಕೇ ತೂಕದ ಯಂತ್ರವನ್ನು ದಿನಾ ಹತ್ತಿಸಬೇಡಿ, ವಾರಕ್ಕೆ ಒಂದು ಸಲ ಸಾಕು. ಅದರ ಪಕ್ಕದಲ್ಲಿ ಇನ್ನೆರಡು ಸಂಖ್ಯೆ ಬರೆಯಿರಿ. ಮೀನಖಂಡದ ಅತಿ ದಪ್ಪ ಜಾಗದ ಸುತ್ತಳತೆ, ಮತ್ತು ಅದೇ ಕುರ್ಚಿಯಿಂದ 30 ಸೆಕೆಂಡಿನಲ್ಲಿ ಎಷ್ಟು ಸಲ ಏಳುತ್ತಾರೆ ಅನ್ನುವುದು. ಇವತ್ತು ಅದು ಸೊನ್ನೆ ಅಂತಲೇ ಬರೆಯಿರಿ, ಪರವಾಗಿಲ್ಲ. ಮುಂದಿನ ಭೇಟಿಗೆ ಆ ಪಟ್ಟಿಯನ್ನೂ ಮೂರು ದಿನ ತಿಂದದ್ದರ ಲೆಕ್ಕವನ್ನೂ ತೆಗೆದುಕೊಂಡು ಹೋಗಿ. ಆರು ವಾರವಾದರೂ ಮೂರರಲ್ಲಿ ಒಂದೂ ಮೇಲೆ ಹೋಗಿಲ್ಲ ಅಂದರೆ ಒಳಗೆ ಉಳಿದ ಸೋಂಕು, ಥೈರಾಯ್ಡ್, ಸಕ್ಕರೆ, ಔಷಧಿಗಳ ಅಡ್ಡಪರಿಣಾಮ ಇವನ್ನೆಲ್ಲ ಹುಡುಕಲು ಹೇಳಿ. ಊಟ ಬಾಯಿಂದ ಸಾಲದೇ ಹೋದರೆ ಕೆಲವು ವಾರ ಮತ್ತೆ ಟ್ಯೂಬ್ ಹಾಕುವ ಮಾತು ಬರಬಹುದು. ಬಂದರೆ ಹೆದರಬೇಡಿ. ಈ ಸಲ ಆ ಟ್ಯೂಬಿನ ಊಟ ಕಾಲಿಗೆ ತಲುಪುತ್ತದೆ.